ಶಾಯಿ ಹಚ್ಚಲು ಉಗುರಿಲ್ಲ

ಮತಗಟ್ಟೆಯ ಸಾಲಿನಲ್ಲಿ ನಿಂತ ತಾಜ್ ಪಾಷಾನಿಗೆ ಎಲ್ಲರ ಮೇಲೂ ಹೇಸಿಗೆ. ನಿನ್ನೆ ಕುಕ್ಕರ್ ಹಂಚಿದವರ ಮೇಲೆ, ಅದನ್ನು ಈಸ್ಕೊಂಡು ಇವತ್ತು ನೀತಿ ಮಾತಾಡುವವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಹೆಂಗಸರ ಸಾಲಿನಲ್ಲಿದ್ದ ಮಗಳು ಶೈಸ್ತಾಳ ಮೇಲೆ. ಮೊದಲ ಓಟು ಕೂಲಿಯವರ ಸಂಘದ ಅಭ್ಯರ್ಥಿಗೇ ಅಂತ ಹುಡುಗಿ ಪಟ್ಟು ಹಿಡಿದಿದ್ದಳು. ಗೆದ್ದರೆ ಶಿಡ್ಲಘಟ್ಟದ ಫಿಲೇಚರ್‌ಗಳನ್ನೆಲ್ಲ ತಪಾಸಣೆ ಮಾಡಿಸ್ತೀನಿ ಎಂದು ಆಯಮ್ಮ ಊರೆಲ್ಲ ಸಾರಿದ್ದಳು. ತಾಜ್ ಪಾಷಾನದ್ದೂ ಒಂದು ಫಿಲೇಚರ್ರೇ: ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ, ಎಂಟು ಸುಡುನೀರಿನ ಬೇಸಿನ್ನುಗಳ ಶೆಡ್ಡು.

"ನಿನ್ನ ವಯಸ್ಸಲ್ಲಿ ನಾನೂ ಬಾವುಟ ಹಿಡಿದು ಕೂಗಿದವನೇ, ಬೇಟಿ. ಬಿಸಿರಕ್ತ. ತಲೆ ನರೆತ ಮೇಲೆ ಬುದ್ಧಿ ತಾನಾಗಿ ಬರ್ತದೆ."

ಶೈಸ್ತಾಳ ಹಿಂದಿನಿಂದ ಇನ್ನೊಂದು ದನಿ ಬಂತು. "ನನಗೂ ನಿಮ್ಮಷ್ಟೇ ವಯಸ್ಸು ಸಾಹೇಬ್ರೇ. ತಲೆಯೂ ನರೆತಿದೆ. ಆ ಬುದ್ಧಿ ನನಗ್ಯಾಕೆ ಬರ್ಲಿಲ್ಲ?"

ಕದಿರಮ್ಮ. ಇಪ್ಪತ್ತರ ಪ್ರಾಯದಲ್ಲಿ ಇವನ ಪಕ್ಕದ ಬೇಸಿನ್ನಲ್ಲೇ ಕೂತವಳು, ಕೈಗೆ ಮದ್ದು ಕೊಡಿ ಅಂತ ಧಣಿಯ ಮುಂದೆ ಒಟ್ಟಿಗೆ ಕೂಗಿದವಳು. ಆಮೇಲೆ ಇವನೇ ಧಣಿಯಾದ, ಅವಳು ಇವನ ಕೂಲಿಯಾದಳು. ಆ ಅಭ್ಯರ್ಥಿಯ ಸಭೆಗೆ ಹೋದಳೆಂದು ಮೊನ್ನೆ ತಾನೇ ಅವಳನ್ನು ಕೆಲಸದಿಂದ ಬಿಡಿಸಿದ್ದ.

"ಉಂಡ ಮನೆ ಜಂತೆ ಎಣಿಸ್ತೀಯಲ್ಲ! ಗೂಡಿನ ರೇಟು ನೋಡಿದೀಯಾ? ತಪಾಸಣೆ ಅಂತ ಬಾಗಿಲು ಹಾಕ್ಸಿದ್ರೆ ನೀವೂ ಬೀದಿಗೆ ಬೀಳ್ತೀರ."

"ನಾನಂತೂ ಬಿದ್ದಾಯ್ತಲ್ಲ ಸಾಹೇಬ್ರೇ."

ಒಳಗೆ, ಶಾಯಿ ಹಚ್ಚುವವನು ಕದಿರಮ್ಮನ ತೋರುಬೆರಳು ಹಿಡಿದವನೇ ಬಿಟ್ಟುಬಿಟ್ಟ. "ಥೂ, ಇದೇನಮ್ಮ ಕೈ! ಉಗುರೇ ಇಲ್ವಲ್ಲ. ಬೇರೆ ಬೆರಳು ಕೊಡಿ."

ಅವಳು ಒಂದೊಂದೇ ಬೆರಳು ಚಾಚಿದಳು. ಬೆಂದು ಬಿಳುಚಿದ ತೊಗಲು, ಸಂದಿಯಲ್ಲಿ ಕೀವು, ಎಷ್ಟು ತೊಳೆದರೂ ಹೋಗದ ಸತ್ತ ಹುಳದ ನಾತ. ಆತ ಕರವಸ್ತ್ರ ಮೂಗಿಗೊತ್ತಿಕೊಂಡು, ದೂರದಿಂದಲೇ ಕಡ್ಡಿಯಲ್ಲಿ ಕಿರುಬೆರಳಿನ ಮೇಲೆ ಗೀಚಿದ. ಹಿಂದಿದ್ದವರು ಸರಿದು ನಿಂತರು. ತಾಜ್ ಪಾಷಾನೂ ಸರಿದ.

ಈಗ ಅವನ ಸರದಿ. ಚಾಚಿದ ಬೆರಳಲ್ಲಿ ನುಣ್ಣಗಿನ, ಕೆಂಪೇರಿದ ಉಗುರು. "ಹಿಂಗಿರ್ಬೇಕು ನೋಡಿ ಕೈ," ಎಂದು ಆತ ನಕ್ಕ.

ತಾಜ್ ಪಾಷಾ ತನ್ನ ಉಗುರುಗಳನ್ನೇ ನೋಡಿದ. ಛೀ! ಈ ಉಗುರುಗಳೂ ಒಂದು ಕಾಲಕ್ಕೆ ಹಾಗೇ ಉದುರಿದ್ದವು. ಬೇಸಿನ್ ಬಿಟ್ಟು ಆರು ತಿಂಗಳಿಗೆ ಹೊಸದಾಗಿ ಬೆಳೆದವು. ಬುದ್ಧಿ ಬಂದದ್ದೂ ಆಗಲೇ.

ಗೇಟಿನ ಹತ್ತಿರ ಅವಳನ್ನು ತಡೆದ. "ನಾಳೆ ಬಾ, ಕದಿರಮ್ಮ. ಕೈ ವಾಸಿಯಾಗೋವರೆಗೂ ಕೂಲಿ ಕೊಡ್ತೀನಿ. ನೀರು ಮಾತ್ರ ಮುಟ್ಟಬೇಡ."

"ಮತ್ತೆ ನನ್ನ ಬೇಸಿನ್ನಿಗೆ ಯಾರು ಕೂತ್ಕೋತಾರೆ?"

ಮರುದಿನ ಬೆಳಗ್ಗೆ ತಾಜ್ ಪಾಷಾ ಶೆಡ್ಡಿಗೆ ಬಂದವನೇ ಅವಳ ಜಾಗದಲ್ಲಿ ಕೂತು, ಅಂಗಿಯ ತೋಳು ಮಡಿಚಿ ಸುಡುನೀರಿಗೆ ಕೈ ಇಳಿಸಿದ. ಅಯ್ಯೋ ಎಂದು ಕಿತ್ತುಕೊಂಡ. ಹಲ್ಲು ಕಚ್ಚಿ ಮತ್ತೆ ಇಳಿಸಿದ. ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಶೈಸ್ತಾ ಬಾಗಿಲಲ್ಲೇ ನಿಂತುಬಿಟ್ಟಳು.

ಕದಿರಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ನಿಧಾನ, ತಾಜಣ್ಣ. ಮೊದಲ ದಿನ ಎಲ್ಲರಿಗೂ ಹಿಂಗೇ."