ಚೌಕದಲ್ಲಿ ಕೂಗುತ್ತಿದ್ದ ಹೆಡ್ವಿಗ್

ಹೆಡ್ವಿಗ್ ನೋರ್ಲಿಂಗ್‌ಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಇಗರ್ಜಿಯಲ್ಲಿ ಪಕ್ಕದವರ ಕಿವಿಗೆಂದು ಹೇಳಿದ ಗುಟ್ಟು ಪಾದ್ರಿಯವರೆಗೂ ತಲುಪುತ್ತಿತ್ತು. ತೀರಿಹೋದ ಗಂಡನ ಕಂದು ಕೋಟು ತೊಟ್ಟು, ಗಾಳಿಯಿಲ್ಲದ ದಿನವೂ ಎದುರುಗಾಳಿಗೆ ಒಡ್ಡಿಕೊಂಡವಳಂತೆ ಮುಂದಕ್ಕೆ ಬಾಗಿ ನಡೆಯುತ್ತ, ವಾರವೆಲ್ಲ ಶಾಲೆಯ ಅಡುಗೆಮನೆಯಲ್ಲಿ ದುಡಿದ ಆಕೆ ಶನಿವಾರ ಸ್ವೀಡನ್ನಿನ ನಮ್ಮ ಪಟ್ಟಣ ಹೆರ್ನೋಸಾಂಡಿನ ಚೌಕಕ್ಕೆ ಬಂದು ನಿಂತಳೆಂದರೆ, ಹಣ್ಣಿನಂಗಡಿಯ ಫೋಲ್ಕೆ ಬಾಗಿಲನ್ನು ಅರ್ಧ ಎಳೆದುಕೊಳ್ಳುತ್ತಿದ್ದ.

“ದಕ್ಷಿಣ ಆಫ್ರಿಕದ ಕಿತ್ತಳೆ ಮುಟ್ಟಬೇಡ್ರೀ!”

“ಹೆಡ್ವಿಗ್, ಈ ಚಳೀಲಿ ನಿನ್ನ ಗಂಟಲು ಕಟ್ಟಲ್ವೇನೇ?”

“ಆ ಕಿತ್ತಳೆನ ನಿನ್ನ ಬುಟ್ಟಿಯಿಂದ ತೆಗಿ, ಆಮೇಲೆ ಕಟ್ಟುತ್ತೆ ಬಿಡೋ.”

ದಕ್ಷಿಣ ಆಫ್ರಿಕದ ವರ್ಣಭೇದದ ಆಳ್ವಿಕೆಯ ವಿರುದ್ಧ ಹೋರಾಡುವವರಿಗಾಗಿ ಕಟ್ಟಿದ್ದ ನಮ್ಮ ಬೆಂಬಲ ಸಮಿತಿಯಲ್ಲಿ ಭಾಷಣ ಬಾರದವಳು ಅವಳೊಬ್ಬಳೇ. ಆ ಆಳ್ವಿಕೆಯ ಹಿಡಿತದಲ್ಲಿದ್ದ ನೆರೆದೇಶದಿಂದ ತಪ್ಪಿಸಿಕೊಂಡು ಬಂದ ನಾಂಗೋಲೊ ಎಂಬ ತರುಣನಿಗೆ ಮನೆಯ ಮಹಡಿ ಬಿಟ್ಟುಕೊಟ್ಟವಳೂ ಅವಳೊಬ್ಬಳೇ. ಶುಶ್ರೂಷೆ ಕಲಿಯಲೆಂದು ಅವನ ನಾಡಿನ ವಿಮೋಚನಾ ಸಂಘಟನೆ ಅವನನ್ನು ಕಳಿಸಿತ್ತು. ತನ್ನ ನುಡಿಯಲ್ಲಿ ಅವಳನ್ನು ‘ಮೇಮೆ’, ಅಂದರೆ ಅಮ್ಮ, ಎನ್ನುತ್ತಿದ್ದ. ಅವಳು ಗಬ್ಬು ನಾರುವ ಹುಳಿಮೀನಿನ ಡಬ್ಬಿ ತೆರೆದರೆ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದ.

ಮೂರನೆಯ ಚಳಿಗಾಲದಲ್ಲಿ, ಅಂಗೋಲದಲ್ಲಿದ್ದ ತನ್ನ ಹೋರಾಟಗಾರರ ಶಿಬಿರಕ್ಕೆ ಹಿಂದಿರುಗೆಂದು ಸಂಘಟನೆಯಿಂದ ಕರೆ ಬಂತು.

“ಮೇಮೆ, ಹೀಗೆ ಕರೆಸ್ಕೊಂಡೋರು ಒಬ್ರೂ ಮತ್ತೆ ಸುದ್ದಿ ಕೊಟ್ಟಿಲ್ಲ. ನಂಗೆ ಭಯ ಆಗ್ತಿದೆ.”

“ಯುದ್ಧದಲ್ಲಿ ಯಾರಿಗಪ್ಪ ಪುರುಸೊತ್ತು? ನಿನ್ನೋರೇ ಕರೀತಿದ್ದಾರೆ, ಹೋಗು.”

ಅಂಗಿಯ ಗುಂಡಿಗಳನ್ನು ತಾನೇ ಹಾಕಿ ರೈಲು ಹತ್ತಿಸಿದಳು.

ಅವನ ಸುದ್ದಿಯೂ ಬರಲಿಲ್ಲ. ಸಭೆಯಲ್ಲಿ ಅವಳು ಎದ್ದು ನಿಂತು ಕೇಳಿದಾಗ ಸಮಿತಿಯ ಅಧ್ಯಕ್ಷ ಇಂಗ್ವಾರ್ ಕೈಮುಗಿಯುವುದೊಂದು ಬಾಕಿ. “ಈಗ ಸುಮ್ನಿರು ಹೆಡ್ವಿಗ್. ಇದನ್ನೆತ್ತಿದ್ರೆ ಪ್ರಿಟೋರಿಯದ ಬಿಳೀ ಸರ್ಕಾರದೋರಿಗೆ ಹಾಲು ಕುಡಿದಷ್ಟು ಖುಷಿ ಆಗುತ್ತೆ.”

“ನಮ್ಮ ಹುಡುಗ ಎಲ್ಲಿ ಅಂತ ಕೇಳೋದೂ ದ್ರೋಹಾನಾ?”

ಇಂಗ್ವಾರ್ ಸಭೆಯ ಮುಂದಿನ ವಿಷಯ ಓದಿದ. ಮುಂದಿನ ಶನಿವಾರವೂ ಅವಳು ಚೌಕದಲ್ಲಿದ್ದಳು. ಅದೇ ಸಂಘಟನೆಯ ಪರವಾಗಿ, ಅದೇ ಕೋಟಿನಲ್ಲಿ. ಏಕೆಂದು ಕೇಳಿದರೆ, “ಅಲ್ಲಿ ಮನುಷ್ಯರನ್ನ ಪ್ರಾಣಿಗಳ ಥರ ನೋಡೋದು ನಿಂತಿದೆಯೇನೋ?” ಎಂದು ನನ್ನ ಮೇಲೇ ರೇಗಿದಳು.

ನಾಂಗೋಲೊನ ದೇಶ ಸ್ವತಂತ್ರವಾಗುವ ಹೊತ್ತಿಗೆ, ಆ ಶಿಬಿರದ ಸೆರೆಯಿಂದ ಬದುಕಿ ಬಂದ ನೆಲಾಗೊ ಎಂಬ ಹೆಂಗಸು ಹೆಡ್ವಿಗ್‌ಳನ್ನು ಹುಡುಕಿಕೊಂಡು ಬಂದಳು. ನಾನೂ ಅಲ್ಲಿದ್ದೆ.

“ಗೂಢಚಾರರು ಅಂತ ನಮ್ಮ ಸಂಘಟನೆಯೋರೇ ನಮ್ಮನ್ನ ನೆಲದ ಗುಂಡೀಲಿ ಇಟ್ಟಿದ್ರು. ಸ್ವೀಡನ್‌ನಲ್ಲಿ ನಿಂಗ್ಯಾರಿದ್ದಾರೆ ಅಂತ ಅವನನ್ನ ಕೇಳಿದ್ರು. ‘ಅಮ್ಮ ಇದ್ದಾಳೆ’ ಅಂದ. ಬಿಳೀ ಅಮ್ಮನೇನೋ ಅಂತ ಹೊಡೆದ್ರು. ಮಾತು ಬದಲಾಯಿಸ್ಲಿಲ್ಲ. ಆ ಮಳೆಗಾಲ ದಾಟ್ಲಿಲ್ಲ ಅವನು.”

ಹೆಡ್ವಿಗ್ ಒಂದೇ ಮಾತು ಕೇಳಿದಳು. “ಊಟ ಕೊಡ್ತಿದ್ರಾ?”

ನೆಲಾಗೊ ಇಲ್ಲವೆಂದು ತಲೆಯಲ್ಲಾಡಿಸಿದಳು.

ವಿಜಯೋತ್ಸವಕ್ಕೆ ಸಮಿತಿ ಕರೆದಾಗ ಆಕೆ ಹೋದಳು. ಎಲ್ಲರಿಗೂ ಕೇಕು ಹಂಚಿದಳು. ಹಿಂದಿರುಗುವಾಗ ಸೇತುವೆಯ ಮೇಲೆ ನಿಂತು, “ಬಿಡುಗಡೆ ಆಗಿದ್ದು ನಿಜ ಕಣೋ. ನಾನೇ ಅವನನ್ನ ರೈಲು ಹತ್ತಿಸಿದ್ದೂ ನಿಜ. ಎರಡನ್ನೂ ಎಲ್ಲಿಟ್ಕೊಳ್ಲಿ?” ಎಂದಳು. ಆಮೇಲೆ ಅವಳು ಚೌಕಕ್ಕೆ ಬರಲಿಲ್ಲ. ಎರಡನೆಯ ವಸಂತಕ್ಕೆ ತೀರಿಕೊಂಡಳು.

ದೂರದ ಜನರ ಸಂಕಟವನ್ನು ಸ್ವಂತದ್ದೆಂದು ಎದೆಗೆ ಹಚ್ಚಿಕೊಳ್ಳುವ ಇಂಥ ಜೀವಗಳು ಗೆಲುವಿನ ದಿನದವರೆಗೆ ಎಲ್ಲರಿಗೂ ಬೇಕು. ಆ ನಂತರ ಅವರ ಶೋಕ ಎಲ್ಲರಿಗೂ ಮುಜುಗರ. ನ್ಯಾಯದ ಪಕ್ಷವೇ ಮಾಡಿದ ಗಾಯವನ್ನು ಅವರು ತೋರಿಸಿದರೆ ಶತ್ರು ನಗುತ್ತಾನೆ, ಮುಚ್ಚಿಕೊಂಡರೆ ಅದು ಒಳಗೇ ಕೊಳೆಯುತ್ತದೆ. ಅವರಲ್ಲಿ ಹೆಚ್ಚಿನವರು ಮುಚ್ಚಿಕೊಂಡೇ ಸಾಯುತ್ತಾರೆ.