ಈಶ್ವರಯ್ಯನವರ ಜಿಮೇಲ್

ಬಾಗೂರಿನ ತಮ್ಮಯ್ಯನ ಫೋನು ಬಹಳ ದಿನದಿಂದ ಅಪ್‌ಡೇಟ್ ಕೇಳುತ್ತಿತ್ತು. ಯಾರು ಏನು ಕೇಳಿದರೂ ಕೊಡುವ ಉತ್ತರವನ್ನೇ ತಮ್ಮಯ್ಯ ಅದಕ್ಕೂ ಕೊಡುತ್ತಿದ್ದ: ಆಮೇಲೆ ನೋಡೋಣ. ಒಂದು ದಿನ ವಾಟ್ಸಾಪ್ ಗುಂಪಿನಲ್ಲಿ, ಅಪ್‌ಡೇಟ್ ಮಾಡದವರ ಬ್ಯಾಂಕಿನ ದುಡ್ಡೆಲ್ಲ ಮಾಯವಾಗುತ್ತದೆ ಎಂದು ಯಾರೋ ಪುಣ್ಯಾತ್ಮ ಸುದ್ದಿ ಹಾಕಿದ. ತಮ್ಮಯ್ಯ ಗಾಬರಿಯಲ್ಲಿ ಬಟನ್ ಒತ್ತಿಬಿಟ್ಟ. ಬ್ಯಾಟರಿ ಆಗಲೇ ಕೆಂಪಗಾಗಿತ್ತು. ಮೆಮೊರಿಯಲ್ಲಿ ಜಾಗವೇ ಇರಲಿಲ್ಲ. ಇದ್ದದ್ದನ್ನೆಲ್ಲ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದ ಚಿತ್ರಗಳು ಒತ್ತುವರಿ ಮಾಡಿಕೊಂಡಿದ್ದವು. ಅರ್ಧಕ್ಕೆ ಬರುವಷ್ಟರಲ್ಲಿ ಕರೆಂಟೂ ಹೋಯಿತು. ಅಲ್ಲಿಂದಾಚೆಗೆ ಫೋನು ಕಂಪನಿಯ ಹೆಸರು ತೋರಿಸುವುದು, ಆರುವುದು, ಮತ್ತೆ ಹೆಸರು ತೋರಿಸುವುದು, ಇಷ್ಟನ್ನೇ ಮಾಡತೊಡಗಿತು.

ತಮ್ಮಯ್ಯ ತನಗೆ ತಿಳಿದ ಚಿಕಿತ್ಸೆಯನ್ನೆಲ್ಲ ಮಾಡಿದ. ಅಂಗೈ ಮೇಲೆ ಕುಟ್ಟಿದ, ಪಂಚೆಯಲ್ಲಿ ಒರೆಸಿದ, ಕೊನೆಗೆ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟ. ಅಕ್ಕಿಯಲ್ಲಿ ಇಡುವುದು ನೀರಿಗೆ ಬಿದ್ದ ಫೋನನ್ನಲ್ಲವೆ ಎಂದು ಹೆಂಡತಿ ಕಮಲಾಕ್ಷಮ್ಮ ಕೇಳಿದ್ದಕ್ಕೆ, ಇದಕ್ಕೂ ಒಳ್ಳೆಯದೇ ಬಿಡು ಎಂದ. ಬೆಳಗ್ಗೆ ತೆಗೆದಾಗ ಫೋನು ಅದೇ ಹೆಸರು ತೋರಿಸುತ್ತಿತ್ತು. ಅಕ್ಕಿಯಲ್ಲಿ ಹುಳ ಬಿದ್ದಿದೆ ಎಂಬುದು ಮಾತ್ರ ಈ ನೆಪದಲ್ಲಿ ತಿಳಿಯಿತು.

ಬೇರೆ ಹೊತ್ತಾಗಿದ್ದರೆ ಹಾಳಾಗಿ ಹೋಗಲಿ ಎಂದು ಹೊಸದು ಕೊಂಡುಬಿಡುತ್ತಿದ್ದ. ಆದರೆ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಅವನ ಅವ್ವ ಬಸವಲಿಂಗಮ್ಮ ತೀರಿಕೊಂಡ ಮೇಲೆ ಅವಳಿಗೆ ಇಡುವ ಮೊದಲ ಎಡೆ ಅದು. ಬಾಳೆಲೆಯಲ್ಲಿ ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಸೀರೆ ಇಟ್ಟು, ಫೋಟೊಗೆ ಹಾರ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಸೀರೆ ಬಂದಿತ್ತು, ಬೆಲ್ಲ ಬಂದಿತ್ತು. ಇಲ್ಲದ್ದು ಫೋಟೊ ಒಂದೇ. ಫೋಟೊ ಹೊಡೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿದ್ದ ಮುದುಕಿ, ಯಾರು ಫೋನು ಎತ್ತಿದರೂ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಅವಳದೊಂದೇ ಒಂದು ಫೋಟೊ ತಮ್ಮಯ್ಯನ ಹತ್ತಿರ ಇತ್ತು. ಅದು ಈ ಫೋನಿನೊಳಗೆ ಸಿಕ್ಕಿಕೊಂಡಿತ್ತು.

ಅವಳ ಫೋಟೊ ಅಣ್ಣ ದೊಡ್ಡಯ್ಯನ ಮನೆಯಲ್ಲೂ ಇದ್ದರೆ ಇರಬಹುದು. ಅವ್ವ ಕೊನೆಯ ತನಕ ಇದ್ದದ್ದೇ ಅಲ್ಲಿ. ಆ ಮನೆ ದೂರವೂ ಅಲ್ಲ, ನಡುಮನೆಯ ಗೋಡೆಯ ಆಚೆ ಬದಿ. ತೊಂದರೆ ಇದ್ದದ್ದು ಆ ಗೋಡೆಯದೇ.

ಈ ಅಣ್ಣತಮ್ಮಂದಿರು ಭಾಗವಾದದ್ದನ್ನು ಬಾಗೂರಿನವರು ಇವತ್ತಿಗೂ ನೆನೆಸಿಕೊಂಡು ನಗುತ್ತಾರೆ. ಹೊಲ ಹಂಚಿದರು, ತೋಟ ಹಂಚಿದರು. ತೆಂಗಿನ ಮರಗಳನ್ನು ಒಂದೊಂದಾಗಿ ತಬ್ಬಿ ನೋಡಿ ಹಂಚಿದರು. ರುಬ್ಬುವ ಕಲ್ಲು ಒಬ್ಬನಿಗೆ ಬಂತು, ಅದರ ಗುಂಡು ಇನ್ನೊಬ್ಬನಿಗೆ ಬಂತು. ಅಂದಿನಿಂದ ಎರಡೂ ಮನೆಯವರು ಮಿಕ್ಸಿಯಲ್ಲಿ ರುಬ್ಬುತ್ತಾರೆ. ಎಲ್ಲ ಮುಗಿಯಿತು ಎನ್ನುವಾಗ ಪಂಚಾಯ್ತಿಗೆ ಕೂತಿದ್ದ ಹಿರಿಯರೊಬ್ಬರು, ಇನ್ನು ಅವ್ವ ಯಾರ ಪಾಲಿಗೆ ಎಂದು ಕೇಳಿದರು. ಅವ್ವ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ತಮ್ಮಯ್ಯ ನೆಲ ನೋಡಿದ. ದೊಡ್ಡಯ್ಯ ಅವಳ ಟ್ರಂಕು ಎತ್ತಿಕೊಂಡು ತನ್ನ ಪಾಲಿನ ಕಡೆಗೆ ನಡೆದ. ಕೊನೆಗೆ ಬದುವಿನ ಪಕ್ಕದ ಒಂದು ತುಂಡು ಜಾಗ ಮಾತ್ರ ಯಾರದೆಂದು ತೀರ್ಮಾನವಾಗದೆ ಉಳಿಯಿತು. ಅದರ ಮೇಲಿನ ವ್ಯಾಜ್ಯ ಇನ್ನೂ ನಡೆಯುತ್ತಿದೆ. ತಮ್ಮಯ್ಯನಿಗೆ ಮಗನ ಫೋನ್ ನಂಬರು ಬಾಯಿಗೆ ಬರುವುದಿಲ್ಲ, ಮೊಮ್ಮಗಳು ಹುಟ್ಟಿದ ದಿನ ನೆನಪಿರುವುದಿಲ್ಲ. ಆ ತುಂಡು ಜಾಗದ ಸರ್ವೆ ನಂಬರು ಮಾತ್ರ ನಿದ್ದೆಯಲ್ಲಿ ತಟ್ಟಿ ಕೇಳಿದರೂ ಹೇಳುತ್ತಾನೆ.

ಹೀಗಿರುವಾಗ ಗೋಡೆಯ ಆಚೆಗೆ ಹೋಗಿ, ಅಣ್ಣ, ಅವ್ವನ ಫೋಟೊ ಇದ್ದರೆ ಕೊಡು ಎಂದು ಕೇಳುವುದುಂಟೆ? ಅದಕ್ಕಿಂತ ಹಾಸನ ಹತ್ತಿರ. ತಮ್ಮಯ್ಯ ಬಸ್ಸು ಹತ್ತಿದ.

ಹಾಸನದ ಸರ್ವಿಸ್ ಸೆಂಟರಿನಲ್ಲಿ ಏಸಿ ತಣ್ಣಗಿತ್ತು. ಗಾಜಿನ ಹಿಂದೆ ಕೂತಿದ್ದ ಹುಡುಗಿ ಅದಕ್ಕಿಂತ ತಣ್ಣಗೆ ಮಾತಾಡಿದಳು. ಸಾಫ್ಟ್‌ವೇರ್ ಹೊಸದಾಗಿ ಹಾಕಬೇಕು, ಒಳಗಿರುವುದೆಲ್ಲ ಹೋಗುತ್ತದೆ, ಒಪ್ಪಿಗೆ ಇದ್ದರೆ ಸಹಿ ಹಾಕಿ ಎಂದಳು. ಬ್ಯಾಕಪ್ ಇದೆಯಾ ಎಂದೂ ಕೇಳಿದಳು. ಅದು ಫೋನು ಮಾರಿದವನಿಗೆ ಗೊತ್ತಿರಬೇಕು ಎಂದ ತಮ್ಮಯ್ಯ ಸಹಿ ಹಾಕದೆ ಎದ್ದು, ಮತ್ತೆ ಬಸ್ಸು ಹಿಡಿದು ಚನ್ನರಾಯಪಟ್ಟಣಕ್ಕೆ ಬಂದ.

ಫೋನು ಮಾರಿದವನು ರಜನೀಶ್. ಬಸ್‌ಸ್ಟ್ಯಾಂಡಿನ ಹತ್ತಿರದ ಅವನ ಅಂಗಡಿಯಲ್ಲಿ ರೀಚಾರ್ಜು, ಕವರು, ಚಾರ್ಜರು ಎಲ್ಲವೂ ಸಿಗುತ್ತವೆ. ಆತ್ಮವಿಶ್ವಾಸ ಪುಕ್ಕಟೆಯಾಗಿ ಸಿಗುತ್ತದೆ. ಹಾಸನದವರು ಹೇಳಿದ್ದನ್ನು ಕೇಳಿ ಅವನು ನಕ್ಕ. ಪವರ್ ಬಟನ್ನನ್ನೂ ಸೌಂಡ್ ಏರಿಸುವ ಬಟನ್ನನ್ನೂ ಒಟ್ಟಿಗೆ ಅದುಮಿ ಹಿಡಿದ. ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಬಂದವು. ಮೊದಲು ಕ್ಯಾಶೆ ಎಂಬುದನ್ನು ಒರೆಸಿ ನೋಡಿದ, ಫೋನು ಜಪ್ಪಯ್ಯ ಎನ್ನಲಿಲ್ಲ. ಆಮೇಲೆ ಗಂಭೀರವಾಗಿ, ಫ್ಯಾಕ್ಟರಿ ರೀಸೆಟ್ ಒಂದೇ ದಾರಿ ಎಂದ. ಅದನ್ನೇ ಅಲ್ಲವೆ ಹಾಸನದವರು ಹೇಳಿದ್ದು ಎಂದರೆ, ಅವರು ಹೇಳಿದ್ದು ಬೇರೆ, ನಾನು ಹೇಳುವುದು ಬೇರೆ ಎಂದ.

"ಒಳಗಿರೋದು ಓಗ್ತದೆ ಯಜಮಾನ್ರೆ, ಆದ್ರೆ ಜಿಮೇಲಲ್ಲಿ ಓಗಿ ಕೂತಿರೋದು ವಾಪಸ್ ಬತ್ತದೆ. ನಾನೇ ಮಾಡ್ಕೊಟ್ಟಿದ್ದೀನಿ, ಬರ್ದೆ ಎಲ್ಲಿಗ್ ಓಗ್ತದೆ?"

ತನಗೊಂದು ಜಿಮೇಲ್ ಇದೆ ಎಂಬುದೇ ತಮ್ಮಯ್ಯನಿಗೆ ಹೊಸ ಸಮಾಚಾರ. ರಜನೀಶ್ ತನ್ನ ಪದ್ಧತಿಯನ್ನು ಹೆಮ್ಮೆಯಿಂದ ವಿವರಿಸಿದ. ಫೋನು ಕೊಳ್ಳಲು ಬರುವ ಹಳ್ಳಿಯವರಿಗೆ ಜಿಮೇಲ್ ಮಾಡಿಕೊಡುವವನು ಅವನೇ. ಗಿರಾಕಿಯ ಹೆಸರಿನಲ್ಲಿ ಮಾಡಿದರೆ ಊರಿಗೆ ಹತ್ತು ಜನ ಅದೇ ಹೆಸರಿನವರು ಇರುತ್ತಾರೆ. ಅದಕ್ಕೇ ತಂದೆಯ ಹೆಸರು, ಅದರ ಮುಂದೆ ಊರು. ಪಾಸ್‌ವರ್ಡು ಎಲ್ಲರಿಗೂ ಅಂಗಡಿಯ ಹೆಸರೇ. ಮರೆತು ಬಂದರೂ ಕೂತಲ್ಲೇ ತೆಗೆದುಕೊಡಬಹುದು.

ಫೋನು ಅಳಿಸಿಕೊಂಡು ಹೊಸದಾಗಿ ಎದ್ದಿತು. ತಮ್ಮಯ್ಯನ ಅಪ್ಪನ ಹೆಸರು ಹಿಡಿದು, ಈಶ್ವರಯ್ಯ ಬಾಗೂರು ಎಂದು ರಜನೀಶ್ ಹೊಡೆದ. ಫೋಟೊಗಳು ಒಂದೊಂದಾಗಿ ಬರತೊಡಗಿದವು. ತಮ್ಮಯ್ಯನ ಎದೆ ಹಗುರಾಯಿತು. ಅವ್ವನ ಫೋಟೊವೂ ಬಂತು. ಅದನ್ನು ದೊಡ್ಡದು ಮಾಡಿ ನೋಡಿದರೆ ಅರ್ಧ ಪರದೆಯಲ್ಲಿ ತಮ್ಮಯ್ಯನ ಹೆಬ್ಬೆರಳು, ಉಳಿದರ್ಧದಲ್ಲಿ ಸೆರಗು. ಸೆರಗಿನ ಒಳಗೆ ಅವ್ವ ಇದ್ದಾಳೆ ಎಂದು ಗೊತ್ತಿದ್ದವರು ಮಾತ್ರ ನಂಬಬಹುದಾದಂಥ ಫೋಟೊ.

ಅದರ ಕೆಳಗೆ ಅವನು ತೆಗೆಯದ ಫೋಟೊಗಳೂ ಬರುತ್ತಿದ್ದವು. ಹಣೆಯಲ್ಲಿ ಬಿಳಿ ಮಚ್ಚೆಯ ಕರಿ ಹಸು, ಅದು ದೊಡ್ಡಯ್ಯನದು. ಡಿಗ್ರಿಯ ಗೌನು ಹಾಕಿ ನಿಂತ ಹುಡುಗಿ, ದೊಡ್ಡಯ್ಯನ ಮಗಳು ಶಿವರಂಜನಿ. ಆಮೇಲೆ ಬದುವಿನ ಕಲ್ಲು, ಟೇಪು ಹಿಡಿದು ಅಳತೆ ತೋರಿಸಿದ್ದು, ಎಲ್ಲ ದಿಕ್ಕಿನಿಂದಲೂ. ತಮ್ಮಯ್ಯ ತಲೆ ಎತ್ತಿ ರಜನೀಶನನ್ನು ನೋಡಿದ. ರಜನೀಶ್ ಸ್ವಲ್ಪವೂ ಅಳುಕದೆ ಹೇಳಿದ: ಮೊದಲು ದೊಡ್ಡಯ್ಯ ಫೋನು ಕೊಂಡ, ಅವನಿಗೆ ಈ ಜಿಮೇಲ್ ಆಯಿತು. ಅಣ್ಣ ಕೊಂಡನೆಂದು ಅದಕ್ಕಿಂತ ದೊಡ್ಡ ಫೋನು ಕೊಳ್ಳಲು ತಮ್ಮಯ್ಯ ಓಡಿ ಬಂದ. ತಂದೆ ಒಬ್ಬರೇ, ಊರೂ ಒಂದೇ. ಈ ಹೆಸರು ಆಗಲೇ ಇದೆ ಎಂದು ಫೋನು ಹೇಳಿತು. ಇರುವುದನ್ನೇ ಹಾಕಿಕೊಟ್ಟರಾಯಿತಲ್ಲ.

ರುಬ್ಬುವ ಕಲ್ಲಿನ ಗುಂಡನ್ನೂ ಬಿಡದೆ ಹಂಚಿಕೊಂಡವರ ನಡುವೆ ಒಂದು ಆಸ್ತಿ ಇಷ್ಟು ವರ್ಷ ಜಂಟಿಯಾಗಿ ಉಳಿದಿತ್ತು. ತಮ್ಮಯ್ಯ ಫೋನಿನ ಗ್ಯಾಲರಿ ಬಿಟ್ಟು ಬೇರೆ ಕಡೆ ಬೆರಳಿಟ್ಟವನಲ್ಲವಾದ್ದರಿಂದ ಅವನ ಕಣ್ಣಿಗೆ ಇದು ಬಿದ್ದಿರಲಿಲ್ಲ.

ಬೇರೆ ಜಿಮೇಲ್ ಮಾಡಿಕೊಡಲೇ ಎಂದು ರಜನೀಶ್ ಕೇಳಿದ. ತಮ್ಮಯ್ಯನ ಕಣ್ಣು ಬದುವಿನ ಕಲ್ಲಿನ ಮೇಲೇ ಇತ್ತು. ಅಪ್ಪ ತನಗೂ ಅಪ್ಪನೇ, ತಾನೇಕೆ ಹೊರಗೆ ಹೋಗಬೇಕು, ಅಣ್ಣನೇ ಹೋಗಲಿ ಎಂದ. ಪಾಸ್‌ವರ್ಡು ಬದಲಾಯಿಸಿಬಿಡು ಎಂದ. ಹಾಗೆ ಮಾಡಿದರೆ ಆ ಫೋನಿನಲ್ಲಿ ಒಂದು ಫೋಟೊವೂ ಕಾಣುವುದಿಲ್ಲ ಎಂದು ರಜನೀಶ್ ಎಚ್ಚರಿಸಿದ. ತಮ್ಮಯ್ಯನಿಗೆ ಬೇಕಾಗಿದ್ದೂ ಅದೇ. ಅಣ್ಣ ಏಳು ಜನ್ಮ ತಪಸ್ಸು ಮಾಡಿದರೂ ಹೊಳೆಯದಂಥ ಪಾಸ್‌ವರ್ಡು ಬೇಕು ಎಂದು ಬಹಳ ಹೊತ್ತು ಯೋಚಿಸಿ, ರಜನೀಶನ ಕಿವಿಯಲ್ಲಿ ಊರಿನ ಹೆಸರನ್ನೂ ಸರ್ವೆ ನಂಬರನ್ನೂ ಹೇಳಿದ.

ಸಂಜೆ ಜಗಲಿಯ ಮೇಲೆ ಕೂತವನ ಕಿವಿಗೆ ಗೋಡೆಯ ಆಚೆಯಿಂದ ಶಿವರಂಜನಿಯ ದನಿ ಕೇಳಿಸಿತು. ಅಪ್ಪಾ, ಫೋಟೊ ಒಂದೂ ತೆಗೀತಿಲ್ಲ ಎನ್ನುತ್ತಿದ್ದಳು. ದೊಡ್ಡಯ್ಯ ಏನೋ ಗೊಣಗಿದ. ತಮ್ಮಯ್ಯ ಆ ದಿನ ಒಂದು ಮುದ್ದೆ ಹೆಚ್ಚಿಗೆ ಉಂಡ. ಎದುರಾಳಿಯ ಸಾಕ್ಷಿಯೆಲ್ಲ ತನ್ನ ಜೇಬಿನಲ್ಲಿದೆ ಎಂದು ಹೆಂಡತಿಗೆ ಹೇಳಿಕೊಂಡ. ಅವ್ವನ ಫೋಟೊ ಜೇಬಿನಲ್ಲಿದೆಯಾ ಎಂದು ಕಮಲಾಕ್ಷಮ್ಮ ಕೇಳಿದಳು. ಹೆಬ್ಬೆರಳಿಗೆ ಹಾರ ಹಾಕಿ ಎಡೆ ಇಡುವ ಪದ್ಧತಿ ನಮ್ಮ ಕಡೆ ಇಲ್ಲ ಎಂದೂ ಸೇರಿಸಿದಳು.

ಮಾರನೆಯ ದಿನ ತಮ್ಮಯ್ಯ ಕೂತು ಅಣ್ಣನ ಫೋಟೊಗಳನ್ನು ಜಾಲಾಡಿದ. ಕದಿಯುವುದಾದರೆ ಬೇಕಾದದ್ದನ್ನು ಕದ್ದರಾಯಿತು. ಅವ್ವ ಅಲ್ಲಿ ಬೇಕಾದಷ್ಟಿದ್ದಳು. ಅವರೆಕಾಯಿ ಬಿಡಿಸುತ್ತ ಸೆರಗು ಎಳೆದುಕೊಂಡಿದ್ದಳು, ಬಿಸಿಲು ಕಾಯಿಸುತ್ತ ಬೆನ್ನು ತಿರುಗಿಸಿದ್ದಳು, ನಗುತ್ತ ಅಂಗೈ ಅಡ್ಡ ಹಿಡಿದಿದ್ದಳು. ಆಯಸ್ಸಿನ ವಿಷಯದಲ್ಲಿ ಮುದುಕಿ ದೊಡ್ಡ ಮಗನನ್ನೂ ನಂಬಿರಲಿಲ್ಲ. ತಮ್ಮಯ್ಯನಿಗೆ ಇದರಿಂದ ಒಳಗೊಳಗೇ ಸಮಾಧಾನವೇ ಆಯಿತು.

ಆಮೇಲೆ ಒಂದು ಫೋಟೊ ಬಂತು. ಅದರಲ್ಲಿ ಅವ್ವನ ಮುಖ ಪೂರ್ತಿ ಇತ್ತು. ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತು, ಎರಡೂ ಕೈಯಲ್ಲಿ ದೊಡ್ಡಯ್ಯನ ಫೋನು ಹಿಡಿದು ನೋಡುತ್ತಿದ್ದಳು. ಹಲ್ಲಿಲ್ಲದ ಬಾಯಿ ಅಗಲವಾಗಿ ತೆರೆದಿತ್ತು. ಸೆರಗು ಹೆಗಲಿನಿಂದ ಜಾರಿದ್ದೂ ಗೊತ್ತಾಗದಷ್ಟು ಮೈಮರೆತಿದ್ದಳು. ಶಿವರಂಜನಿ ತನ್ನ ಫೋನಿನಲ್ಲಿ ಪಕ್ಕದಿಂದ ತೆಗೆದು ಅಪ್ಪನಿಗೆ ಕಳಿಸಿದ ಫೋಟೊ ಇರಬೇಕು, ಅವ್ವನ ಕೈಯಲ್ಲಿದ್ದ ಪರದೆಯೂ ಕಾಣುತ್ತಿತ್ತು. ಇಣುಕಿ ನೋಡಿದ ಕಮಲಾಕ್ಷಮ್ಮ ಮೆಲ್ಲಗೆ ಕೇಳಿದಳು.

"ಅತ್ತೆ ಕೈಲಿರೋದು ನಮ್ ಮಾನ್ಯ ಅಲ್ವಾ?"

ಮಾನ್ಯಳೇ. ಹೊಳೆನರಸೀಪುರದಲ್ಲಿರುವ ಮಗ ಅರುಣ್‌ಕುಮಾರನ ಮಗಳು, ನಾಮಕರಣದ ದಿನ ತೊಟ್ಟಿಲಲ್ಲಿ ಮಲಗಿದ್ದು. ತಮ್ಮಯ್ಯನೇ ತನ್ನ ಫೋನಿನಲ್ಲಿ ತೆಗೆದ ಫೋಟೊ ಅದು. ಆ ನಾಮಕರಣ ಈ ಮನೆಯಲ್ಲೇ ಆಗಿತ್ತು. ತಮ್ಮಯ್ಯ ಊರಿಗೆಲ್ಲ ಹೇಳಿ ಅಣ್ಣನ ಮನೆಗೆ ಹೇಳಿರಲಿಲ್ಲ. ಅವ್ವ ಒಬ್ಬಳು ಬರಲಿ ಎಂದು ಹೇಳಿ ಕಳಿಸಿದ್ದ. ಮನೆಗೆ ಹೇಳದೆ ನನಗೊಬ್ಬಳಿಗೆ ಹೇಳಿದರೆ ಬರುವುದಿಲ್ಲ ಎಂದು ಅವಳು ಬಂದಿರಲಿಲ್ಲ. ಮರಿಮಗಳ ಮುಖ ನೋಡುವುದಕ್ಕೂ ಬರಲಿಲ್ಲ ಅವ್ವ, ಅಣ್ಣ ತಲೆಕೆಡಿಸಿದ್ದಾನೆ ಎಂದು ತಮ್ಮಯ್ಯ ಅರಕಲಗೂಡಿನ ನೆಂಟರವರೆಗೂ ಹೇಳಿಕೊಂಡು ಬಂದಿದ್ದ. ಆ ಸಿಟ್ಟಿನಲ್ಲೇ ಅವಳು ಹಾಸಿಗೆ ಹಿಡಿದಾಗಲೂ ಅವನು ಗೋಡೆ ದಾಟಿರಲಿಲ್ಲ. ದಾಟಿದ್ದು ಹೆಣ ಎತ್ತುವ ದಿನ.

ಅವಳು ನೋಡಿದ್ದಳು. ಇವನು ತೆಗೆದದ್ದನ್ನೆಲ್ಲ ಗೋಡೆಯ ಆಚೆ ಕೂತು ನೋಡಿದ್ದಳು. ತಮ್ಮಯ್ಯನಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಅಳು ಬಂತು. ಹೆಂಡತಿಯ ಮುಂದೆ ಅತ್ತು ಅಭ್ಯಾಸವಿಲ್ಲದ್ದರಿಂದ ಎದ್ದು ಮುಖ ತೊಳೆದುಕೊಂಡ. ಹಾಗೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟು, ಬೀದಿಯಲ್ಲಿ ನಾಲ್ಕು ಹೆಜ್ಜೆ ಹಾಕಿ ಪಕ್ಕದ ಬಾಗಿಲ ಮುಂದೆ ನಿಂತ.

ದೊಡ್ಡಯ್ಯ ನಡುಮನೆಯಲ್ಲಿ ಕೂತು ಕೊಬ್ಬರಿ ಬಿಡಿಸುತ್ತಿದ್ದ. ಅತ್ತಿಗೆ ಒಳಗಿನಿಂದ ಒಂದು ಚೊಂಬು ನೀರು ತಂದಿಟ್ಟು ಹೋದಳು. ಗೋಡೆಗೆ ಒರಗಿಸಿ, ಪೇಪರು ಸುತ್ತಿದ ಎರಡು ಫ್ರೇಮುಗಳಿದ್ದವು. ಒಂದರ ಪೇಪರು ಹರಿದು ಅವ್ವನ ಬೊಚ್ಚು ಬಾಯಿ ಕಾಣುತ್ತಿತ್ತು, ಅದರ ಕೆಳಗೆ ಅವಳು ಹಿಡಿದ ಫೋನಿನ ಅಂಚು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ತಮ್ಮಯ್ಯ ಪಾಸ್‌ವರ್ಡಿನಿಂದ ಶುರು ಮಾಡಿದ.

"ಪಾಸ್‌ವರ್ಡ್ ಏಳಾನ ಅಂತ ಬಂದೆ ಕಣಣ್ಣ."

"ಆಗ್ಲೇ ತಗೀತು," ಎಂದ ದೊಡ್ಡಯ್ಯ, ತಲೆ ಎತ್ತದೆ. "ಚಿಕ್ಕಪ್ಪ ಏನ್ ಇಟ್ಟಿರ್ಬೋದು ಅಂತ ರಂಜನಿ ಕೇಳಿದ್ಲು. ಸರ್ವೆ ನಂಬ್ರ ಒತ್ತವ್ವ ಅಂದೆ. ಬರೀ ನಂಬ್ರಕ್ಕೆ ಆಗ್ಲಿಲ್ಲ, ಊರೆಸ್ರು ಸೇರ್ಸಿದ್ಮ್ಯಾಲೆ ಬಂದ್ಬುಡ್ತು."

ತಮ್ಮಯ್ಯ ನೀರು ಕುಡಿದ. ಚೊಂಬು ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಬಾಯಿಗೇ ಹಿಡಿದುಕೊಂಡಿದ್ದ. ದೊಡ್ಡಯ್ಯ ಕೊಬ್ಬರಿ ಪಕ್ಕಕ್ಕಿಟ್ಟು, ಒಂದು ಫ್ರೇಮನ್ನು ಮೆಲ್ಲಗೆ ತಮ್ಮನ ಕಡೆ ಸರಿಸಿದ. ಅದು ನಿಂದು ಎಂದ. ಅದನ್ನು ಎತ್ತಿ ಎದೆಗೆ ಒತ್ತಿಕೊಂಡ ತಮ್ಮಯ್ಯನಿಗೆ ಕೇಳದೆ ಇರಲಾಗಲಿಲ್ಲ.

"ನಮ್ ಫೋಟೊ ಎಲ್ಲಾ ಇಲ್ಲಿಗ್ ಬತ್ತದೆ ಅಂತ ಮೊದ್ಲೇ ಗೊತ್ತಿತ್ತಲ್ಲ, ಒಂದ್ ಮಾತು ಏಳ್ಬಾರ್ದಿತ್ತಾ?"

ದೊಡ್ಡಯ್ಯ ಆಗ ತಲೆ ಎತ್ತಿ ತಮ್ಮನ ಮುಖ ನೋಡಿದ.

"ಏಳಿದ್ರೆ ನೀನು ಅದ್ನೂ ಭಾಗ ಮಾಡು ಅಂತಿದ್ದೆ ಕಣ್ಲಾ. ಯಾರ್ ಪಾಲಿಗೆ ಅಂತ ಅವ್ವ ಒಂದ್ಸಲ ಕೇಳಿಸ್ಕೊಂಡಿದ್ಲು, ಇನ್ನೊಂದ್ಸಲ ಬ್ಯಾಡ ಅನ್ನುಸ್ತು."