ಅಪ್ಪನ ಮಜ್ಜನ

ಅಪ್ಪನ ಹೊಟ್ಟೆಯ ಮೇಲೆ ಬೆಚ್ಚನೆಯ ನೀರು ಸುರಿಯುತ್ತಿದ್ದ ಅಭಿನವನ ಕೈ ತಡೆಯಿತು. ತೊಡೆಸಂದಿಯಲ್ಲಿ ಅಡ್ಡಾದಿಡ್ಡಿ ಹೊಲಿದ ಹಳೆಯ ಗಾಯ. ಈ ಪರದೇಶದ ಹ್ಯಾರಿಸ್ ಪಾರ್ಕ್ ಬಡಾವಣೆಯ ಅರ್ಧ ಹೆಂಗಸರಿಗೆ ಕುಪ್ಪಸ ಹೊಲಿದುಕೊಟ್ಟ ಅಪ್ಪ ಪಂಚಾಕ್ಷರಯ್ಯ, ಬಟ್ಟೆಯ ಮೇಲೆ ಇಂಥ ಹೊಲಿಗೆ ಕಂಡಿದ್ದರೆ ಆಗಲೇ ಬಿಚ್ಚಿಹಾಕುತ್ತಿದ್ದ.

ಹೂಳುವ ಮೊದಲು ಮಗನೇ ಮೈ ತೊಳೆಯಬೇಕೆಂದು ಹಟ ಹಿಡಿದವಳು ತಾಯಿ ಗಿರಿಜವ್ವ. ಆಗ ಪಾಪ, ಈ ಗಾಯ ಅವಳಿಗೆ ನೆನಪಾಗಿರಲಿಲ್ಲ.

ಹೊರಗಿನ ಕೋಣೆಯಲ್ಲಿ ಅವಳ ಪಕ್ಕ ಮೂರು ತಿಂಗಳ ಬಸುರಿ ಸೊಸೆ ಸಂಧ್ಯಾರಾಣಿ ಕೂತಿದ್ದಳು.

“ಅವ್ವಾ, ಅಪ್ಪಗ ಏನ್ ಆಪರೇಷನ್ ಆಗಿತ್ತು?” ಅಭಿನವ ಬಾಗಿಲಿಗೆ ಬಂದು ಕೇಳಿದ.

ಗಿರಿಜವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. “ಎಮರ್ಜೆನ್ಸಿ ಇತ್ತಲ್ಲ, ಆವಾಗ. ನಮ್ಮ ಮದುವಿಗಿಂತ ಮೊದ್ಲ.”

* * *

ಧಾರವಾಡದ ಕಡೆ, ಕಿವುಡ ಹುಡುಗರ ಹಾಸ್ಟೆಲ್ಲು. ಪಂಚಾಕ್ಷರಯ್ಯನಿಗೆ ಇನ್ನೂ ಮೀಸೆ ಚಿಗುರುವ ವಯಸ್ಸು. ಲಸಿಕೆ ಹಾಕುತ್ತೇವೆಂದು ಸನ್ನೆ ಮಾಡಿ ಹುಡುಗರನ್ನೆಲ್ಲ ಜೀಪಿಗೆ ತುಂಬಿದರು. “ಇವಕ್ಕೆ ಹುಟ್ಟೋವೂ ಇಂಥವೇ” ಎಂದು ಸಂತಾನಹರಣದ ಕ್ಯಾಂಪಿನ ಡಾಕ್ಟರು ನಕ್ಕಿದ್ದು ಯಾರಿಗೂ ಕೇಳಿಸಲಿಲ್ಲ. ಕತ್ತರಿ ಹಿಡಿದು ಅಭ್ಯಾಸವಿಲ್ಲದವರು ಆ ಹುಡುಗರ ಮೇಲೆ ಕೈ ಪಳಗಿಸಿಕೊಂಡರು. ಪಕ್ಕದ ಹಾಸಿಗೆಯ ಹುಡುಗ ನಂಜೇರಿ ಸತ್ತ. ಕೇಳಲು ಯಾರೂ ಬರಲಿಲ್ಲ.

* * *

“ಹಂಗಾರ ನಾನು?”

“ನಿನ್ನ ಹುಬ್ಬಳ್ಳಿ ಆಶ್ರಮದಿಂದ ತಂದ್ವಿ. ಹಸಿಗೂಸು. ಹೇಳಬ್ಯಾಡ ಅಂತ ನಿಮ್ಮಪ್ಪ ನನ್ನ ಕಡೆಯಿಂದ ಆಣಿ ಮಾಡಿಸ್ಕೊಂಡಿದ್ರು.”

ಅಭಿನವ ಒಳಗೆ ಮಲಗಿದ್ದ ಅಪ್ಪನತ್ತ ತಿರುಗಿ ನೋಡಿದ. ಸಂಧ್ಯಾರಾಣಿ ಮಾತ್ರ ದೀರ್ಘವಾಗಿ ಉಸಿರು ಬಿಟ್ಟಳು. ಮಗುವೂ ಅಜ್ಜನಂತೆ ಕಿವುಡಾಗುವುದಿದ್ದರೆ ತೆಗೆಸಿಬಿಡುವುದೆಂದು ಗಂಡ ಹೆಂಡಿರು ಮಾತಾಡಿಕೊಂಡಿದ್ದರು. ಸೋಮವಾರ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ಅದರ ಟೆಸ್ಟ್ ಇತ್ತು.

“ಅಭಿ, ಹಾಗಾದ್ರೆ ಟೆಸ್ಟ್ ಕ್ಯಾನ್ಸಲ್ ಮಾಡ್ಬಹುದಲ್ವಾ? ನಮ್ ಬೇಬಿಗೆ ಆ ರಿಸ್ಕೇ ಇಲ್ಲ!” ಎಂದಳು. ಎಷ್ಟು ತಡೆದರೂ ದನಿಯಲ್ಲಿ ಸಂತೋಷ ಇಣುಕಿತು.

“ಯಾವ ಟೆಸ್ಟು?” ಎಂದಳು ಗಿರಿಜವ್ವ.

ಮುದುಕಿ ಸೊಸೆಯ ಹೊಟ್ಟೆ ನೋಡಿದಳು, ಮಗನ ಮುಖ ನೋಡಿದಳು.

“ಅಂದ್ರ, ಅವರಂಥಾ ಕೂಸು ನಿಮಗೂ ಬ್ಯಾಡಾಗಿತ್ತೇನು?”

ಅಭಿನವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಒದ್ದೆ ಕೈಯಲ್ಲೇ ಒಳಗೆ ಹೋಗಿ ಮಜ್ಜನ ಮುಗಿಸಿದ, ಹಣೆಗೆ ವಿಭೂತಿ ಹಚ್ಚಿದ.

ತಮ್ಮವರ ಪದ್ಧತಿಯಂತೆ ಕುಳ್ಳಿರಿಸಿ ಹೂಳಲು ಸ್ಮಶಾನದವರು ಒಪ್ಪಿರಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿಯೇ ಇಳಿಸಿದರು. ಅಭಿನವ ಹಿಡಿ ಮಣ್ಣು ಹಾಕಿದ. ಕೂಗಿ ಕರೆದರೆ ಅಪ್ಪನಿಗೆ ಬದುಕಿದ್ದಾಗಲೂ ಕೇಳಿಸಿದ್ದಿಲ್ಲ. ಮಣ್ಣುಗೈಯಲ್ಲೇ ಮೀಸೆ ತಿರುವಿ ತೋರಿಸಿದ. ಅವರ ಮನೆಯ ಸನ್ನೆಯಲ್ಲಿ ಹಾಗೆಂದರೆ ‘ಅಪ್ಪ’. ಮೇಲ್ತುಟಿಗೆ ಹಸಿ ಮಣ್ಣು ಮೆತ್ತಿಕೊಂಡಿತು.

ಸಂಧ್ಯಾರಾಣಿ ಒರೆಸಲೆಂದು ಟಿಶ್ಯೂ ಹಿಡಿದು ಹತ್ತಿರ ಬಂದಳು. ಅವನು ಮುಖ ಆಚೆ ತಿರುಗಿಸಿ, ಗುಂಡಿಯತ್ತ ಬಗ್ಗಿ, ಇನ್ನೊಮ್ಮೆ ಮೀಸೆ ತಿರುವಿದ.